ಐವತ್ತು ರೂಪಾಯಿಯ ಹೊಗಳಿಕೆ

"ಸರಸ್ವತಿಯನ್ನು ಮಾರ್ಲಿಕ್ಕೆ ಹೊರಟಿದ್ದೀಯನಾ ಹುಕ್ರ? ನಿನ್ನ ಅಪ್ಪ ಈ ಅಂಗಳದಲ್ಲಿ ಗೊಬ್ಬರ ಹೊತ್ತೇ ಸತ್ತ. ಒಂದು ದಿನ ಬಾಯಿಬಿಟ್ಟು ಕೇಳಿದವ ಅಲ್ಲ. ನೀನು ನಾಲ್ಕು ಅಕ್ಷರ ಗೀಚಿದ್ದಕ್ಕೆ ಲೆಕ್ಕ ಹಿಡ್ಕೊಂಡು ಬಂದಿದ್ದೀಯಲ್ಲ, ಬೇವರ್ಸಿ!"

ಚಾವಡಿಯ ಆರಾಮಕುರ್ಚಿಯಿಂದ ಇಷ್ಟು ಹೇಳಿ ಧಣಿ ಮಹಾಲಿಂಗೇಶ್ವರ ರಾಯರು ಬಾಯಲ್ಲಿದ್ದ ತಾಂಬೂಲವನ್ನು ಅಂಗಳಕ್ಕೆ ಉಗಿದರು. ನಾನು ತುಳಸಿಕಟ್ಟೆಯ ಈಚೆಗೆ ನಿಂತಿದ್ದೆ. ನಮ್ಮ ಜಾತಿಯವರಿಗೆ ಗಡಿ ಅದು. ಎಸ್ಸೆಸ್ಸೆಲ್ಸಿ ಪಾಸಾದರೆ ಈ ಗಡಿ ಒಂದೆರಡು ಹೆಜ್ಜೆಯಾದರೂ ಮುಂದೆ ಹೋಗಬಹುದು ಎಂದು ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ನಂಬಿದ್ದೆ. ಪಾಸಾಗಿ ಬಂದು ನೋಡಿದರೆ ತುಳಸಿಕಟ್ಟೆ ಎಲ್ಲಿತ್ತೋ ಅಲ್ಲೇ ಇತ್ತು.

ನಾನು ಕೇಳಿದ್ದು ದೊಡ್ಡ ಸಂಗತಿಯಲ್ಲ. ಅವರ ಮಗಳು ವಾಗ್ದೇವಿಯ ಮದುವೆಗೆ ಶುಭಾಶಯ ಪದ್ಯ ಬರೆದುಕೊಟ್ಟಿದ್ದೆ. ನಮ್ಮ ಕಡೆ ಮದುವೆಯೆಂದರೆ ಇಂಥ ಒಂದು ಪದ್ಯವನ್ನು ಗುಲಾಬಿ ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ, ಪಂಕ್ತಿಯಲ್ಲಿ ಕೂತವರಿಗೆಲ್ಲ ಹಂಚಬೇಕು. ಕೈ ಒರೆಸಲಿಕ್ಕೆ ಅದಕ್ಕಿಂತ ಒಳ್ಳೆಯ ಕಾಗದ ಬೇರೆ ಇಲ್ಲ. ಪದ್ಯದ ಕೆಳಗೆ 'ರಚನೆ: ಗಜಾನನ ಮಾಸ್ಟರ್' ಎಂದು ಅಚ್ಚಾಗಿತ್ತು. ಮಾಸ್ಟ್ರು ನಮ್ಮೂರ ಶಾಲೆಯ ಹೆಡ್‌ಮಾಸ್ಟ್ರು, ಧಣಿಗಳ ಚಾವಡಿಯ ಆಸ್ಥಾನ ವಿದ್ವಾಂಸರು. ಬರೆಯುವುದು ನಾನು, ರಚಿಸುವುದು ಅವರು. ನನಗೆ ಸಿಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೆಸರಿನಿಂದ ಗಂಜಿ ಬೇಯುವುದಿಲ್ಲ. ಹಣ ನನಗೆ ಬಂದಿದ್ದರೆ ಹೆಸರನ್ನು ಅವರೇ ಇಟ್ಟುಕೊಂಡು ಉಪ್ಪಿನಕಾಯಿ ಹಾಕಲಿ ಎನ್ನುತ್ತಿದ್ದೆ.

"ಹಾಗಲ್ಲ ಧಣಿಗಳೇ," ಎಂದೆ. "ಪದ್ಯಕ್ಕೆ ಎಷ್ಟಾದರೂ ಕೊಡುವ ಅಂತ ನೀವೇ ಹೇಳಿದ್ರಿ."

"ಕೊಡುವ ಅಂದೆ. ಕೊಡುದಿಲ್ಲ ಅಂದೆನಾ? ಹಿಡಿ."

ಚಾವಡಿಯಿಂದ ಒಂದು ಚಿಪ್ಪು ಬಾಳೆಹಣ್ಣು ಕೆಳಗೆ ಬಂತು. ಧಣಿಗಳು ಯಾವುದನ್ನೂ ನಮ್ಮ ಕೈಗೆ ಕೊಡುವುದಿಲ್ಲ, ಮೇಲಿನಿಂದ ಬಿಡುತ್ತಾರೆ. ಹಿಡಿಯುವುದು ನಮ್ಮ ಜವಾಬ್ದಾರಿ. ನೆಲಕ್ಕೆ ಬಿದ್ದರೆ ಹೆಕ್ಕಿಕೊಳ್ಳುವುದು ನಮ್ಮ ಪುಣ್ಯ. ಬಾಳೆಹಣ್ಣನ್ನು ನಾನು ಎರಡೂ ಕೈಯಲ್ಲಿ ಹಿಡಿದೆ. ಹಿಡಿಯುವುದರಲ್ಲಿ ನಮ್ಮ ಮನೆತನದವರು ಎಂದೂ ಸೋತಿಲ್ಲ.

ನನ್ನ ಬರಹದ ವರಮಾನವೆಲ್ಲ ಇದೇ ಜಾತಿಯದ್ದು. ಮದುವೆಯ ಪದ್ಯಕ್ಕೆ ಬಾಳೆಹಣ್ಣು. ಶ್ರದ್ಧಾಂಜಲಿಯ ಲೇಖನಕ್ಕೆ, ಉತ್ತರಕ್ರಿಯೆಯ ಬೊಜ್ಜ ನಡೆಯುವ ಮನೆಯ ಹಿತ್ತಿಲಲ್ಲಿ ಬೇರೆಯೇ ಹಾಕಿದ ಎಲೆಯಲ್ಲಿ ಊಟ. ದೇವಸ್ಥಾನದ ಸ್ಥಳಪುರಾಣಕ್ಕೆ ಪ್ರಸಾದ, ಅದೂ ಗೋಪುರದ ಹೊರಗೆ. ಆ ದೇವರ ಮಹಿಮೆಯನ್ನು ನಲ್ವತ್ತು ಪುಟ ಬರೆದವನು ನಾನು, ಅವನ ಮುಖವನ್ನು ಈ ತನಕ ನೋಡಿಲ್ಲ. ತಪ್ಪು ನನ್ನದೂ ಇತ್ತು. ಎಷ್ಟು ಕೊಡಬೇಕು ಎಂದು ಯಾರಾದರೂ ಕೇಳಿದರೆ, "ತಮಗೆ ಕಂಡಷ್ಟು ಕೊಡಿ" ಎನ್ನುವುದು ನನ್ನ ಅಭ್ಯಾಸ. ದೊಡ್ಡವರ ಕಣ್ಣಿಗೆ ನಮ್ಮ ವಿಷಯದಲ್ಲಿ ಮೊದಲಿನಿಂದಲೂ ಪೊರೆ. ಏನೂ ಕಾಣುತ್ತಿರಲಿಲ್ಲ.

ಅವತ್ತು ಬಾಳೆಹಣ್ಣು ಹಿಡಿದು ತಿರುಗಬೇಕು ಎನ್ನುವಾಗ ಗಜಾನನ ಮಾಸ್ಟ್ರು ಗಂಟಲು ಸರಿಮಾಡಿಕೊಂಡರು.

"ನಿಲ್ಲು ಹುಕ್ರ. ಧಣಿಗಳಿಗೆ ಬರುವ ತಿಂಗಳು ಅರುವತ್ತು ತುಂಬ್ತದೆ. ಊರಿನವರೆಲ್ಲ ಸೇರಿ ಸನ್ಮಾನ ಮಾಡುದು ಅಂತ ಆಗಿದೆ. ಒಂದು ಮಾನಪತ್ರ ಬೇಕು."

ಊರಿನವರೆಲ್ಲ ಎಂದರೆ ಸಮಿತಿಯ ಅಧ್ಯಕ್ಷರು ಧಣಿಗಳ ಭಾವ, ಕೋಶಾಧಿಕಾರಿ ಧಣಿಗಳ ಅಳಿಯ, ಕಾರ್ಯದರ್ಶಿ ಈ ಮಾಸ್ಟ್ರು. ಧಣಿಗಳನ್ನು ಊರಿನವರು ಸನ್ಮಾನಿಸುವುದೆಂದು ಧಣಿಗಳೇ ತೀರ್ಮಾನಿಸಿ, ಧಣಿಗಳೇ ದಿನ ಇಟ್ಟಿದ್ದರು.

"ಸ್ಯಾಟಿನ್ ಬಟ್ಟೆಯ ಮೇಲೆ ಅಚ್ಚು, ಗಾಜಿನ ಕಟ್ಟು ಹಾಕಿಸಬೇಕು," ಮಾಸ್ಟ್ರು ಹೇಳುತ್ತ ಹೋದರು. "ನಾಲ್ಕು ಪ್ಯಾರಾ ಇರಲಿ. ಮೊದಲನೆಯದು ಧರ್ಮಭೀರುಗಳೇ, ಎರಡನೆಯದು ದಾನಶೂರರೇ, ಮತ್ತೆ ಕೃಷಿಋಷಿಗಳೇ, ಕೊನೆಗೆ ಒಕ್ಕಲಬಂಧುಗಳೇ. ಭಾಷೆ ಗ್ರಾಂಥಿಕವಾಗಿರಬೇಕು. ಕೇಳಿದವರಿಗೆ ಅರ್ಥ ಆಗುವ ಹಾಗೆ ಬರೆದು ಹಾಳು ಮಾಡ್ಬೇಡ."

"ಒಕ್ಕಲಬಂಧು ಸ್ವಲ್ಪ ಗಟ್ಟಿಯಾಗಿ ಬರ್ಲಿ," ಎಂದರು ಧಣಿಗಳು. "ಗೇಣಿಯವರಿಗೆ ನಾನು ನಗ್ತಾ ನಗ್ತಾ ಭೂಮಿ ಬಿಟ್ಟುಕೊಟ್ಟದ್ದು ಬರ್ಬೇಕು."

ಅವರು ನಕ್ಕದ್ದು ನನಗೆ ಗೊತ್ತಿಲ್ಲ. ಉಳುವವನಿಗೇ ಭೂಮಿ ಎನ್ನುವ ಡಿಕ್ಲರೇಶನ್ ಕಾನೂನು ಬಂದ ವರ್ಷ ಊರಿನ ಗೇಣಿದಾರರ ಅರ್ಜಿಗಳನ್ನು ಬೆಳ್ತಂಗಡಿಯ ತಾಲೂಕು ಕಚೇರಿಯ ಎದುರು ಕೂತು ತುಂಬಿಸಿದವನು ನಾನೇ. ಆಗ ಧಣಿಗಳು ಒಬ್ಬನ ಬೇಲಿ ಕೀಳಿಸಿದರು, ಇನ್ನೊಬ್ಬನ ಮೇಲೆ ತೆಂಗಿನಕಾಯಿ ಕದ್ದ ಕೇಸು ಹಾಕಿಸಿದರು, ಬೆಂಗಳೂರಿನ ಹೈಕೋರ್ಟಿನ ತನಕ ಹೋಗಿ ಸೋತು ಬಂದರು. ಗೇಣಿಚೀಟು ಇದ್ದವರಿಗೆ ಗದ್ದೆ ಸಿಕ್ಕಿತು. ನನ್ನ ಅಪ್ಪ ಗೇಣಿದಾರನಲ್ಲ, ಬರೇ ಆಳು. ನಮಗೆ ಧಣಿಗಳ ಗುಡ್ಡೆಯಲ್ಲಿ ಗುಡಿಸಲು ಇತ್ತು, ಅದು ಹಾಗೇ ಉಳಿಯಿತು.

ಆ ದಿನ ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. ಬದುಕಿನಲ್ಲಿ ಮೊದಲ ಸಲ "ತಮಗೆ ಕಂಡಷ್ಟು" ಎನ್ನಲಿಲ್ಲ.

"ಬಟ್ಟೆ, ಅಚ್ಚು, ಕಟ್ಟು, ನನ್ನ ಬರಹ ಎಲ್ಲ ಸೇರಿ ಇನ್ನೂರು ರೂಪಾಯಿ ಆಗ್ತದೆ ಧಣಿಗಳೇ. ಪ್ಯಾರಾ ಒಂದಕ್ಕೆ ಐವತ್ತರ ಲೆಕ್ಕ."

ಧಣಿಗಳು ಹೊಟ್ಟೆ ಕುಲುಕಿಸಿ ನಕ್ಕರು. "ಕೇಳಿದ್ರಾ ಮಾಸ್ಟ್ರೇ? ಹುಕ್ರ ನನ್ನನ್ನು ಪ್ಯಾರಾ ಲೆಕ್ಕದಲ್ಲಿ ಹೊಗಳ್ತಾನಂತೆ!"

ಮಾಸ್ಟ್ರು ಅವರ ಕಿವಿಯ ಹತ್ತಿರ ಬಗ್ಗಿ, ಮಂಗಳೂರಿನಲ್ಲಿ ಮಾಡಿಸಿದರೆ ಇದರ ಎರಡರಷ್ಟು ಬೀಳುತ್ತದೆ ಎಂದರು. ಬರೆಯಲಿಕ್ಕೆ ತಮಗೆ ಬರುವುದಿಲ್ಲ ಎನ್ನುವುದನ್ನು ಹೇಳಲಿಲ್ಲ.

"ಸರಿ, ಇನ್ನೂರು. ಈಗ ನೀನೇ ಕೈಯಿಂದ ಹಾಕಿ ಮಾಡಿಸು," ಎಂದರು ಧಣಿಗಳು. "ಮತ್ತೆ ಕೊಡುವ."

*

"ಕೈಯಿಂದ ಹಾಕ್ಲಿಕ್ಕೆ ನಿಮ್ಮ ಕೈಯಲ್ಲಿ ಎಂತ ಉಂಟು?" ಎಂದಳು ನೀಲಾವತಿ.

ನನ್ನ ಹೆಂಡತಿ ಗುಡಿಸಲಿನ ಜಗಲಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ಅವಳು ಮಾತಾಡುವಾಗಲೂ ಬೈಯುವಾಗಲೂ ಬೆರಳು ನಿಲ್ಲುವುದಿಲ್ಲ. ನಮ್ಮ ಮನೆಯಲ್ಲಿ ಅಕ್ಕಿ ಬರುವುದು ಆ ಬೆರಳುಗಳಿಂದ. ನನ್ನ ಬೆರಳುಗಳಿಂದ ಬಂದ ಬಾಳೆಹಣ್ಣು ಮೂಲೆಯಲ್ಲಿ ಕಪ್ಪಾಗುತ್ತಿತ್ತು.

"ಬೀಡಿ ಬ್ರಾಂಚಿನವ ಕಳ್ಳ," ಎಂದಳು. "ಎಲೆ ಕಮ್ಮಿ ತೂಗ್ತಾನೆ. ಸರಿ ಇದ್ದ ಬೀಡಿಯನ್ನೂ ಹಾಳು ಅಂತ ಆಚೆ ಬಿಸಾಡ್ತಾನೆ, ಮತ್ತೆ ಅವನೇ ಹೆಕ್ಕಿ ಮಾರ್ತಾನೆ. ಆದ್ರೂ ಎಲೆ ಅವನದ್ದು, ಹೊಗೆಸೊಪ್ಪು ಅವನದ್ದು, ಶನಿವಾರ ಆದ್ರೆ ಕೈಗೆ ದುಡ್ಡು. ನಿಮ್ಮದು ಎಂತ ವ್ಯಾಪಾರ ಮಾರಾಯ್ರೆ? ಕಾಗದ ನಿಮ್ಮದು, ಶಾಯಿ ನಿಮ್ಮದು, ತಲೆ ನಿಮ್ಮದು. ಹೆಸರು ಮಾಸ್ಟ್ರದ್ದು. ದುಡ್ಡು ಮಾತ್ರ ಯಾರದ್ದೂ ಅಲ್ಲ! ಧರ್ಮಕ್ಕೆ ಬರೀಲಿಕ್ಕೆ ನಿಮಗೆಂತ ಭೂತ ಹಿಡಿದಿದೆಯಾ?"

"ಈ ಸಲ ರೇಟು ಮಾತಾಡಿದ್ದೇನೆ. ಇನ್ನೂರು."

ಬೆರಳು ನಿಂತಿತು. ಇನ್ನೂರು ರೂಪಾಯಿ ನಮ್ಮ ಗುಡಿಸಲಿಗೆ ಒಟ್ಟಿಗೆ ಬಂದ ಚರಿತ್ರೆ ಇರಲಿಲ್ಲ. ಅವಳ ತಂಗಿ ಕಾಂತಿಯ ಮದುವೆ ಧಣಿಗಳ ಸನ್ಮಾನ ಆಗಿ ಒಂದು ವಾರಕ್ಕೆ ನಿಶ್ಚಯವಾಗಿತ್ತು. ಅಕ್ಕ ಎನಿಸಿಕೊಂಡವಳು ಒಂದು ಸೀರೆಯಾದರೂ ಹಿಡಿದುಕೊಂಡು ಹೋಗಬೇಕು. ನೀಲಾವತಿ ಮೊರವನ್ನು ಕೆಳಗಿಟ್ಟಳು. ಮತ್ತೆ ಎರಡೂ ಕಿವಿಯ ಬೆಂಡೋಲೆ ಬಿಚ್ಚಿ ನನ್ನ ಕೈಯಲ್ಲಿಟ್ಟಳು. ಅವಳ ಅಮ್ಮ ಸಾಯುವ ಮೊದಲು ಕೊಟ್ಟದ್ದು, ಮನೆಯಲ್ಲಿದ್ದ ಬಂಗಾರ ಅಷ್ಟೇ.

"ಸೊಸೈಟಿಯಲ್ಲಿ ಅಡವು ಇಡಿ. ಕಾಂತಿಯ ಮದುವೆಯ ಮೊದಲು ನನ್ನ ಕಿವಿಗೆ ಬರ್ಬೇಕು. ಬರ್ಲಿಲ್ಲ ಅಂತಾದ್ರೆ ನಿಮ್ಮ ಪೆನ್ನನ್ನು ಒಲೆಗೆ ಹಾಕ್ತೇನೆ. ಹಾಕಿದ ಮೇಲೆ ನಿಮ್ಮನ್ನೂ."

"ಸನ್ಮಾನದ ದಿನ ಸಂಜೆ ಬಿಡಿಸಿ ತರ್ತೇನೆ."

ಅವಳು ಕಸ ಗುಡಿಸುವ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು, ತುಂಡು ಮಾಡಿ, ತೂತು ಮುಚ್ಚದ ಹಾಗೆ ಎರಡೂ ಕಿವಿಗೆ ಸಿಕ್ಕಿಸಿಕೊಂಡಳು. ಆ ಕಡ್ಡಿ ನೋಡಿದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು. ನಾನು ದೊಡ್ಡ ಸಾಹಿತಿ, ನನ್ನ ಹೆಂಡತಿಯ ಕಿವಿಯಲ್ಲಿ ಹಿಡಿಸೂಡಿ ಕಡ್ಡಿ.

*

ಬೆಂಡೋಲೆ ಅಡವಿಟ್ಟು ಬಟ್ಟೆ ತಂದೆ, ಗಾಜಿನ ಕಟ್ಟು ಹಾಕಲಿಕ್ಕೆ ಹೇಳಿದೆ. ನಾಲ್ಕು ಪ್ಯಾರಾವನ್ನೂ ಬರೆದು ಮುಗಿಸಿದೆ. ಚೆನ್ನಾಗಿಯೇ ಬಂದಿತ್ತು, ಅದು ನನ್ನ ಶಾಪ. ಯಾರನ್ನು ಹೊಗಳಲಿಕ್ಕೆ ಕೂತರೂ ನನ್ನ ಪೆನ್ನು ಕಳ್ಳಾಟ ಆಡುವುದಿಲ್ಲ. 'ಒಕ್ಕಲಬಂಧುಗಳೇ' ಬರೆಯುವಾಗ ಮಾತ್ರ ಎರಡು ಸಲ ಎದ್ದು ಹೊರಗೆ ಹೋಗಿ ಬಂದೆ.

ಅಚ್ಚು ಹಾಕಿಸುವ ಮೊದಲು ಹಣ ಕೇಳಲಿಕ್ಕೆ ಧಣಿಗಳಲ್ಲಿಗೆ ಹೋದೆ. ಅಂಗಳದಲ್ಲಿ ಆಳುಗಳು ಅಡಿಕೆ ಸುಲಿಯುತ್ತಿದ್ದರು. ಧಣಿಗಳು ಸ್ನಾನ ಮುಗಿಸಿ, ಗಂಧ ಹಚ್ಚಿ, ಚಾವಡಿಯ ಮೆಟ್ಟಿಲ ಮೇಲೆ ನಿಂತಿದ್ದರು.

"ಮಡಿಯಲ್ಲಿದ್ದೇನೆ, ದೂರ ನಿಲ್ಲು. ಎಂತ?"

"ಪ್ರೆಸ್ಸಿಗೆ ಕೊಡ್ಲಿಕ್ಕುಂಟು ಧಣಿಗಳೇ. ಮಾತಾಡಿದ ಹಣ ಸಿಕ್ಕಿದ್ರೆ..."

"ನಿನ್ನದೊಂದು ಕಿರಿಕಿರಿ ಮಾರಾಯ! ಸಾಲಗಾರನ ಹಾಗೆ ಬಾಗಿಲಿಗೆ ಬಂದು ಕೂರ್ತೀಯ." ಒಳಗಿನಿಂದ ಐವತ್ತರ ಒಂದು ನೋಟು ತರಿಸಿ, ಬೆರಳ ತುದಿಯಲ್ಲಿ ಹಿಡಿದು, ಮೇಲಿನಿಂದ ಬಿಟ್ಟರು.

ನೋಟು ಬಾಳೆಹಣ್ಣಲ್ಲ. ಗಾಳಿ ಬಂತು. ನೋಟು ನನ್ನ ಕೈ ತಪ್ಪಿಸಿ ಅಡಿಕೆ ಸಿಪ್ಪೆಯ ಮೇಲೆ ಹಾರಿತು, ಅಲ್ಲಿಂದ ದನದ ಹಟ್ಟಿಯ ಕಡೆಗೆ. ನಾನು ಹಿಂದೆ ಓಡಿದೆ. ತುಳಸಿಕಟ್ಟೆಯ ಹತ್ತಿರ ಬಂದಾಗ ಧಣಿಗಳು "ಏಯ್, ಆಚೆಯಿಂದ, ಆಚೆಯಿಂದ!" ಎಂದು ಕೂಗಿದರು. ಸುತ್ತು ಹಾಕಿ ಓಡಿದೆ. "ಹಿಡಿ ಹುಕ್ರ, ಹಿಡಿ! ಸರಸ್ವತಿ ಓಡ್ತಾ ಇದ್ದಾಳೆ!" ಎಂದು ನಕ್ಕರು. ಧಣಿಗಳು ನಕ್ಕ ಮೇಲೆ ಆಳುಗಳೂ ನಗಬೇಕು, ನಕ್ಕರು. ಕೊನೆಗೆ ನೋಟು ಹಟ್ಟಿಯ ಸೆಗಣಿನೀರಿನ ಕಣಿಯಲ್ಲಿ ಬಿತ್ತು. ಹೆಕ್ಕಿ, ನನ್ನ ಅಂಗಿಗೆ ಒರೆಸಿಕೊಂಡೆ.

"ಉಳಿದದ್ದು ಧಣಿಗಳೇ?"

"ಕಾರ್ಯಕ್ರಮ ಆಗ್ಲಿ. ಮತ್ತೆ ನೋಡುವ."

ಧಣಿಗಳ 'ನೋಡುವ' ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಅಪ್ಪ ಇಡೀ ಆಯುಷ್ಯ ಅದನ್ನೇ ನೋಡಿದ. ಬೀಡಿಗೆ ಶನಿವಾರ ಉಂಟು, ಅಡಿಕೆ ಸುಲಿಯುವವನಿಗೆ ಸಂಜೆ ಉಂಟು, ಬರೆಯುವವನಿಗೆ ಮಾತ್ರ 'ನೋಡುವ'. ಬೆಳ್ತಂಗಡಿಯ ಬಸ್ಸು ಹತ್ತಿ ಕೂತಾಗ ಕೈಯಿಂದ ಸೆಗಣಿಯ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ಕೂತವನು ಎದ್ದು ಬೇರೆ ಸೀಟಿಗೆ ಹೋದ. ನಮ್ಮ ಜಾತಿ ಅವನಿಗೆ ಗೊತ್ತಿರಲಿಲ್ಲ, ಪಾಪ, ಅವತ್ತು ಅವನು ಎದ್ದದ್ದು ಬರೇ ಸೆಗಣಿಗೆ.

*

ಅಬ್ದುಲ್ ರವೂಫ್ ಅವರ ಪ್ರೆಸ್ಸು ಬಸ್‌ಸ್ಟ್ಯಾಂಡಿನ ಹಿಂದೆ ಇತ್ತು. ಒಂದು ಕಾಲು ತುಳಿಯುವ ಯಂತ್ರ, ಅಚ್ಚಿನ ಮೊಳೆಗಳ ನಾಲ್ಕು ಪೆಟ್ಟಿಗೆ, ಗೋಡೆಯಲ್ಲಿ ಅವರೇ ಅಚ್ಚು ಹಾಕಿದ ಒಂದು ಫಲಕ: 'ನಗದು ಕೊಟ್ಟು ಮಾಲು ಪಡೆಯಿರಿ'. ನಾನು ಹೋದಾಗ ಅವರು ಯಾವುದೋ ಮದುವೆ ಕಾಗದದ ಕಟ್ಟನ್ನು ಎರಡು ಪಾಲು ಮಾಡುತ್ತಿದ್ದರು.

"ಅರ್ಧ ದುಡ್ಡು ಕೊಟ್ಟಿದ್ದಾರೆ, ಅರ್ಧ ಕಾಗದ ಕೊಡುದು," ಎಂದರು. "ನೆಂಟರು ಅರ್ಧ ಬರ್ಲಿ. ನಮಗೆಂತ ಹುಕ್ರಪ್ಪಣ್ಣ?"

ಈ ತಾಲೂಕಿನಲ್ಲಿ ನನ್ನ ಹೆಸರನ್ನು ಪೂರ್ತಿ ಕರೆಯುವವರು ರವೂಫ್ ಸಾಹೇಬ್ರು ಒಬ್ಬರೇ. ಎದುರು ಕುರ್ಚಿಯನ್ನೂ ಕೊಡುತ್ತಾರೆ. ಆ ಕುರ್ಚಿಯಲ್ಲಿ ಕೂತು, ಎರಡು ಪಾಲಾದ ಆ ಕಟ್ಟನ್ನೇ ನೋಡುತ್ತಿದ್ದೆ. ಎಷ್ಟು ಸಸಾರದ ವಿದ್ಯೆ! ಇಷ್ಟು ವರ್ಷ ನಲ್ವತ್ತು ಪುಟದ ಪುರಾಣ ಬರೆಯುವ ತಲೆಗೆ ಇದು ಹೊಳೆದಿರಲಿಲ್ಲ.

"ಸಾಹೇಬ್ರೆ, ಈ ಮಾನಪತ್ರದಲ್ಲಿ ಮೊದಲನೆಯ ಪ್ಯಾರಾ ಮಾತ್ರ ಅಚ್ಚು ಹಾಕುವ."

"ಉಳಿದ ಮೂರು?"

"ದುಡ್ಡು ಬಂದ ಮೇಲೆ. ಐವತ್ತು ಬಂದಿದೆ, ಐವತ್ತರ ಹೊಗಳಿಕೆ ಹೋಗ್ಲಿ."

ರವೂಫ್ ಸಾಹೇಬ್ರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಿನ್ನ ತಲೆ ಸಮ ಉಂಟನಾ? ಆ ಮನುಷ್ಯ ನಿನ್ನ ಗುಡಿಸಲಿಗೆ ಬೆಂಕಿ ಹಾಕ್ತಾನೆ. ಮಾಸ್ಟ್ರು ಪ್ರೂಫ್ ನೋಡುದಿಲ್ಲವಾ?"

"ಅವರು ರಚಿಸಿದವರು. ಓದುದು ಯಾಕೆ?"

ಖಾಲಿ ಬಟ್ಟೆ ಕೊಟ್ಟರೆ ಮೋಸ ಎನ್ನುತ್ತಾರೆ. ಅದಕ್ಕೆ ಮೊದಲ ಪ್ಯಾರಾದ ಕೆಳಗೆ 'ದಾನಶೂರರೇ' ಎಂದು ದಪ್ಪ ಅಕ್ಷರದಲ್ಲಿ ಹಾಕಿ, ಅದರ ಅಡಿಯಲ್ಲಿ ಒಂದು ವಿಜ್ಞಾಪನೆ ಬರೆದೆ. ಮಾಸ್ಟ್ರು ಹೇಳಿದಂತೆ ಗ್ರಾಂಥಿಕ ಭಾಷೆಯಲ್ಲಿಯೇ ಬರೆದೆ. ಸಾಹೇಬ್ರು ಮೊಳೆ ಜೋಡಿಸುತ್ತ ಜೋಡಿಸುತ್ತ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಬಾಗಿಲ ಕಡೆಗೆ ಒಮ್ಮೆ ನೋಡಿದರು.

"ಕೆಳಗೆ ಪ್ರೆಸ್ಸಿನ ಹೆಸರು ಹಾಕುದಿಲ್ಲ, ಆಯಿತಾ? ನನಗೆ ಮಕ್ಕಳಿದ್ದಾರೆ," ಎಂದರು. "ಮತ್ತೆ, ಅಚ್ಚು ಕಾಲು ಭಾಗ ಆದ್ರೂ ನನ್ನ ಕೂಲಿ ಪೂರ್ತಿ ಬೇಕು."

ಪೂರ್ತಿ ಕೊಟ್ಟೆ. ಕೂಲಿಯ ವಿಷಯದಲ್ಲಿ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು. ಉಳಿದ ಮೂರು ಪ್ಯಾರಾಗಳನ್ನು ಒಳ್ಳೆಯ ಕಾಗದದಲ್ಲಿ ದುಂಡಗೆ ಬರೆದು ಜೇಬಿನಲ್ಲಿಟ್ಟುಕೊಂಡೆ. ನಾನು ಮೋಸಗಾರನಲ್ಲ. ಮಾಲು ತಯಾರಿತ್ತು.

ಮನೆಗೆ ಬಂದು ನೀಲಾವತಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನೋಟಿನ ಹಿಂದೆ ನಾನು ಓಡಿದ್ದನ್ನು ಎರಡು ಸಲ ಕೇಳಿದಳು. ಅಡಿಕೆ ಸುಲಿಯುವವರು ನಕ್ಕರಾ ಎಂದು ಕೇಳಿದಳು.

"ಅವನ ಅರುವತ್ತಕ್ಕೆ ಬೆಂಕಿ ಬೀಳ," ಎಂದಳು. "ನಾನೂ ಬರ್ತೇನೆ ಸನ್ಮಾನಕ್ಕೆ."

*

ಧಣಿಗಳ ಮನೆ ಎದುರಿನ ಬಾಕಿಮಾರು ಗದ್ದೆಯಲ್ಲಿ ಕೊಯಿಲು ಮುಗಿದಿತ್ತು. ಅಲ್ಲಿ ಚಪ್ಪರ, ವೇದಿಕೆ, ಮುಂಡಾಜೆಯಿಂದ ತರಿಸಿದ ಮೈಕು. ಮುಂದೆ ಕುರ್ಚಿಗಳು, ಅದರ ಹಿಂದೆ ಬೆಂಚುಗಳು. ಬೆಂಚು ಮುಗಿದಲ್ಲಿ ಚಪ್ಪರವೂ ಮುಗಿದಿತ್ತು, ನಮ್ಮವರು ಕೂತದ್ದು ಅಲ್ಲಿ, ಬಿಸಿಲಲ್ಲಿ. ನೀಲಾವತಿಯ ಜೊತೆ ಬೀಡಿ ಕಟ್ಟುವ ಹೆಂಗಸರ ಒಂದು ದಂಡೇ ಬಂದಿತ್ತು. ಇಷ್ಟು ಜನ ಯಾಕೆ ಎಂದು ಕೇಳಿದ್ದಕ್ಕೆ, "ಊರಿನವರೆಲ್ಲ ಮಾಡುವ ಸನ್ಮಾನ ಅಲ್ವಾ?" ಎಂದಳು.

ಪೇಪರು ಸುತ್ತಿ, ಕೆಂಪು ರಿಬ್ಬನ್ ಕಟ್ಟಿದ ಮಾನಪತ್ರವನ್ನು ವೇದಿಕೆಯ ಹಿಂದೆ ನೆಲದಲ್ಲಿಟ್ಟು ನಾನು ದೂರ ಸರಿದೆ. ಬಿಚ್ಚಿ ನೋಡುತ್ತಾರೋ ಎಂದು ಮಾಸ್ಟ್ರ ಕೈಯನ್ನೇ ನೋಡುತ್ತಿದ್ದೆ. ಮಾಸ್ಟ್ರು ತಂಬಿಗೆ ತರಿಸಿ, ತುಳಸಿದಳ ಹಾಕಿದ ನೀರನ್ನು ಅದರ ಮೇಲೆ ಚಿಮುಕಿಸಿದರು. ನಾನು ಮುಟ್ಟಿದ ಮೈಲಿಗೆ ಹೋಯಿತು. ಅಷ್ಟಕ್ಕೇ ಅವರಿಗೆ ಸಮಾಧಾನವಾಗಿ ಎತ್ತಿ ಒಳಗೆ ಕೊಂಡುಹೋದರು. ಒಳಗೆ ಏನುಂಟು ಎಂದು ಯಾರೂ ನೋಡಲಿಲ್ಲ.

ಮುಖ್ಯ ಅತಿಥಿಗಳು ಮಂಗಳೂರಿನ ಕಡೆಯವರು, ಯಾವುದೋ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಶಾಲು ಹಾಕಿ ಆಯಿತು, ಹಾರ ಹಾಕಿ ಆಯಿತು. ಧಣಿಗಳು ಸಿಂಹಾಸನದಂಥ ಕುರ್ಚಿಯಲ್ಲಿ ಕೂತು, ತಮಗೆ ಇದೆಲ್ಲ ಇಷ್ಟವಿಲ್ಲ ಎನ್ನುವ ಮುಖ ಮಾಡಿದ್ದರು. ಗಜಾನನ ಮಾಸ್ಟ್ರು ಮೈಕಿನ ಎದುರು ಬಂದರು.

"ಈಗ, ಈ ಅಲ್ಪಮತಿಯು ರಾತ್ರಿ ನಿದ್ದೆಗೆಟ್ಟು ರಚಿಸಿದ ಮಾನಪತ್ರದ ವಾಚನ."

ರಿಬ್ಬನ್ ಬಿಚ್ಚಿದರು, ಪೇಪರು ಹರಿದರು. ಕಟ್ಟನ್ನು ಎದೆಯ ಮಟ್ಟಕ್ಕೆ ಹಿಡಿದು, ಕಣ್ಣು ಅರೆಮುಚ್ಚಿ, ರಾಗ ತೆಗೆದರು.

"ಧರ್ಮಭೀರುಗಳೇ! ನೇತ್ರಾವತಿಯ ಪುಣ್ಯತಟದಲ್ಲಿ ಜನಿಸಿ, ಆಬಾಲ್ಯದಿಂದಲೂ ಸತ್ಕರ್ಮನಿರ್ವಹಣೆಯಲ್ಲಿ ನಿರತರಾಗಿ, ಆಡಿದ ಮಾತಿಗೆ ಎಂದೂ ತಪ್ಪದೆ, ಪರಋಣವನ್ನು ಒಂದು ದಿನವೂ ಉಳಿಸಿಕೊಳ್ಳದೆ ಬಾಳಿದ ತಮ್ಮ ಧರ್ಮಭೀರುತ್ವವು ಈ ಗ್ರಾಮಕ್ಕೆ ಆದರ್ಶಪ್ರಾಯವಾಗಿದೆ!"

ಚಪ್ಪಾಳೆ. ಧಣಿಗಳು ತಲೆ ತಗ್ಗಿಸಿ ಕೈ ಮುಗಿದರು. ಮಾಸ್ಟ್ರು ಉಸಿರೆಳೆದು, ರಾಗವನ್ನು ಇನ್ನೂ ಒಂದು ಮೆಟ್ಟಿಲು ಏರಿಸಿದರು.

"ದಾನಶೂರರೇ! ಮೌಲ್ಯಸಂದಾಯದ ಅಭಾವದಿಂದಾಗಿ ಈ ಮುಂದಿನ ಸ್ತುತಿತ್ರಯವು ಸ್ಥಗಿತಗೊಂಡಿರುವುದೆಂದು ಅತ್ಯಂತ ವಿನಮ್ರವಾಗಿ ಬಿನ್ನವಿಸುತ್ತಾ..."

ಇಲ್ಲಿಯೂ ಚಪ್ಪಾಳೆ ಬಿತ್ತು. ಮುಂದಿನ ಸಾಲಿನವರು ಎಲ್ಲರಿಗಿಂತ ಜೋರಾಗಿ ಹೊಡೆದರು. ಚಪ್ಪಾಳೆಯ ಹುಮ್ಮಸ್ಸಿನಲ್ಲಿ ಮಾಸ್ಟ್ರು ಅದೇ ರಾಗದಲ್ಲಿ ಮುಂದುವರಿದರು:

"...ಮುಂಗಡ ಬಂದದ್ದು ರೂಪಾಯಿ ಐವತ್ತು. ಬಾಕಿ ರೂಪಾಯಿ ನೂರೈವತ್ತು ಮಾ..."

'ಮಾತ್ರ' ಎನ್ನುವುದು ಅರ್ಧಕ್ಕೇ ನಿಂತಿತು. ಕಣ್ಣು ಪೂರ್ತಿ ತೆರೆಯಿತು. ಕಟ್ಟನ್ನು ತಿರುಗಿಸಿ ಹಿಂದೆ ನೋಡಿದರು, ಅಲ್ಲೂ ಏನೂ ಇರಲಿಲ್ಲ. ಮತ್ತೆ ಹಿಂದಿನಿಂದ, ಬಿಸಿಲಲ್ಲಿ ಕೂತಿದ್ದ ಬೀಡಿಯ ಹೆಂಗಸರ ಕಡೆಯಿಂದ ಒಂದು ನಗೆ ಎದ್ದಿತು. ಒಬ್ಬಳಿಂದ ಇನ್ನೊಬ್ಬಳಿಗೆ ಹಬ್ಬಿ, ಬೆಂಚುಗಳ ತನಕ ಬಂತು. ಬೆಂಚಿನಲ್ಲಿ ಕೂತ ಗೇಣಿಯವರು ಮೊದಲು ಟವೆಲ್ಲಿನಿಂದ ಬಾಯಿ ಮುಚ್ಚಿದರು, ಮತ್ತೆ ಟವೆಲ್ಲು ತೆಗೆದೇ ನಕ್ಕರು.

"ಎಂತ ಮಾಸ್ಟ್ರೇ ಇದು?" ಧಣಿಗಳು ಎದ್ದು ನಿಂತರು. "ಎಂತ ಬರೆದಿದ್ದೀರಿ ನೀವು?"

"ನಾನಲ್ಲ! ನಾನಲ್ಲ ಧಣಿಗಳೇ!" ಮಾಸ್ಟ್ರು ಮೈಕು ಎದುರಿಗೇ ಇದ್ದದ್ದನ್ನು ಮರೆತರು. "ನಾನು ಒಂದಕ್ಷರ ಬರೆದವನಲ್ಲ. ಎಲ್ಲ ಬರೆಯುದು ಆ ಹುಕ್ರ! ಯಾವಾಗಲೂ ಅವನೇ ಬರೆಯುದು!"

ನಾಲ್ಕು ದಿಕ್ಕಿನ ಸ್ಪೀಕರಿನಲ್ಲಿ ನನ್ನ ಹೆಸರು ಬಂತು. ಇಷ್ಟು ವರ್ಷ ಬರೆದದ್ದಕ್ಕೆ ಮೊದಲ ಸಲ ನನ್ನ ಹೆಸರನ್ನು ಸಾರ್ವಜನಿಕವಾಗಿ ಹೇಳಿದ್ದರು. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು.

"ಎಲ್ಲಿದ್ದಾನೆ ಆ ಬೋಳಿಮಗ? ಎಳ್ಕೊಂಡು ಬನ್ನಿ ಆ ನಾಯಿಯನ್ನು!" ಧರ್ಮಭೀರುಗಳ ಈ ಮಾತೂ ಸ್ಪೀಕರಿನಲ್ಲಿ ಗುಡ್ಡೆಯ ಆಚೆಯ ತನಕ ಕೇಳಿಸಿತು.

ಎಳೆಯುವ ಕೆಲಸ ಯಾರಿಗೂ ಬೀಳಲಿಲ್ಲ. ನಾನೇ ಎದ್ದು ಬೆಂಚುಗಳ ನಡುವಿನಿಂದ, ಕುರ್ಚಿಗಳ ನಡುವಿನಿಂದ ನಡೆದು ವೇದಿಕೆಯ ಎದುರು ನಿಂತೆ. ಕುರ್ಚಿಯವರು ಕಾಲು ಎತ್ತಿಕೊಂಡರು.

"ಉಳಿದ ಮೂರು ಪ್ಯಾರಾ ತಯಾರುಂಟು ಧಣಿಗಳೇ," ಎಂದೆ. "ಹಣ ಬಾಕಿ ಉಂಟು, ಅಷ್ಟೆ."

ಬ್ಯಾಂಕಿನ ಅತಿಥಿಗಳು ಕರ್ಚೀಫಿನಿಂದ ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ನಗು ಒರೆಸಿಕೊಂಡು ಬಗ್ಗಿದರು. "ರಾಯರೇ, ನೂರೈವತ್ತು ತಾನೇ? ಕೊಟ್ಟುಬಿಡಿ. ಇಷ್ಟು ಜನ ನೋಡ್ತಿದ್ದಾರೆ."

ಧಣಿಗಳ ಮುಖ ಕುಂಕುಮದ ಬಣ್ಣಕ್ಕೆ ಬಂದಿತ್ತು. ಅಳಿಯನ ಕಿಸೆಯಿಂದ ಮೂರು ನೋಟು ಕಿತ್ತುಕೊಂಡು ವೇದಿಕೆಯ ಅಂಚಿಗೆ ಬಂದರು. ಅವರ ಬೆರಳುಗಳು ಎಂದಿನಂತೆ ಸಡಿಲವಾದವು. ನೋಟುಗಳು ಕೆಳಗೆ ಬಂದವು.

ನಾನು ಹಿಡಿಯಲಿಲ್ಲ.

ಕೈಯನ್ನು ಸೊಂಟದ ಬದಿಯಲ್ಲೇ ಇಟ್ಟುಕೊಂಡೆ. ಅದು ಮೇಲೇಳಲಿಕ್ಕೆ ನೋಡುತ್ತಿತ್ತು, ಅಜ್ಜನ ಕಾಲದ ಅಭ್ಯಾಸ ಅಲ್ಲವೇ? ಮೂರು ನೋಟುಗಳು ನನ್ನ ಕಾಲ ಬಳಿ ಗದ್ದೆಯ ಕೂಳೆಯ ನಡುವೆ ಬಿದ್ದವು.

"ಹೆಕ್ಕು," ಎಂದರು ಧಣಿಗಳು.

ಹಿಂದಿನಿಂದ ನೀಲಾವತಿ ಬಂದಳು. ಬಿಸಿಲಿಗೆ ಅವಳ ಮುಖ ಕಪ್ಪಾಗಿತ್ತು, ಕಿವಿಯಲ್ಲಿ ಕಡ್ಡಿ ಹಾಗೇ ಇತ್ತು. ಅವಳು ನೋಟುಗಳನ್ನು ನೋಡಿದಳು. ಮುಂದಿನ ವಾರ ಕಾಂತಿಯ ಮದುವೆ. ಅವಳ ಅಮ್ಮನ ಬೆಂಡೋಲೆ ಅಲ್ಲಿ ಕೂಳೆಯ ನಡುವೆ ಬಿದ್ದಿತ್ತು, ಬಗ್ಗಿದರೆ ಸಾಕಿತ್ತು. ಬಗ್ಗಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ.

"ಧಣಿಗಳೇ, ನಿಮ್ಮ ದುಡ್ಡು ಬಿತ್ತು," ಎಂದಳು. "ಹೆಕ್ಕಿ ಇವರ ಕೈಗೆ ಕೊಡಿ. ಬೀಡಿ ಬ್ರಾಂಚಿನ ಕಳ್ಳನೂ ದುಡ್ಡು ಕೈಗೇ ಕೊಡ್ತಾನೆ."

"ನಿಮ್ಮ ಗುಡಿಸಲು ಯಾರ ಗುಡ್ಡೆಯಲ್ಲಿ ಉಂಟು, ಗೊತ್ತುಂಟನಾ?" ಧಣಿಗಳ ಧ್ವನಿ ಈಗ ಮೆಲ್ಲಗಿತ್ತು, ಮೈಕಿಗೆ ಸಿಗದ ಹಾಗೆ.

"ಗೊತ್ತುಂಟು," ಎಂದಳು ಅವಳು. ಗೊತ್ತಿತ್ತು. ಸಂಜೆಯ ಒಳಗೆ ಏನಾಗಬಹುದು ಎನ್ನುವುದು ನಮಗಿಬ್ಬರಿಗೂ ಗೊತ್ತಿತ್ತು. ಬೀಡಿಯ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಚಪ್ಪರದ ಒಳಗೆ ಬಂದು ನಮ್ಮ ಹಿಂದೆ ನಿಂತರು. ಈಗ ಯಾರೂ ನಗುತ್ತಿರಲಿಲ್ಲ.

ಗಜಾನನ ಮಾಸ್ಟ್ರು ಕಾಲು ಭಾಗ ಅಚ್ಚಾದ ಮಾನಪತ್ರವನ್ನು ಎದೆಗೆ ಅವಚಿಕೊಂಡೇ ನಿಂತಿದ್ದರು. ಕಾರ್ಯಕ್ರಮ ಹೇಗಾದರೂ ಮುಗಿಯಬೇಕಲ್ಲ, ಅವರು ಮೈಕಿಗೆ ಬಾಯಿ ಹತ್ತಿರ ತಂದು ಬೇಡುವ ಧ್ವನಿಯಲ್ಲಿ ಕೇಳಿದರು:

"ಹುಕ್ರ... ಹುಕ್ರಪ್ಪ, ದಾನಶೂರರೇ ಆದ ಮೇಲೆ ಎಂತ ಮಾರಾಯ? ಒಂದು ಸಾಲಾದ್ರೂ ಹೇಳು."

ನಾನು ಜೇಬಿನಿಂದ ಕಾಗದ ತೆಗೆದು ಎಡಗೈಯಲ್ಲಿ ಹಿಡಿದೆ. ಬಲಗೈಯನ್ನು ಧಣಿಗಳ ಕಡೆಗೆ ನೀಡಿದೆ. ಬೊಗಸೆ ಒಡ್ಡಲಿಲ್ಲ, ಅಂಗಡಿಯವನ ಹಾಗೆ ಒಂದೇ ಕೈ ಚಾಚಿದೆ.

"ಧಣಿಗಳು ಹೆಕ್ಕಿ ಕೊಡ್ಲಿ ಮಾಸ್ಟ್ರೇ. ಹೇಳ್ತೇನೆ."

ಬಗ್ಗುತ್ತದೋ ಇಲ್ಲವೋ ಎಂದು ಇಡೀ ಚಪ್ಪರ ಧಣಿಗಳ ಸೊಂಟವನ್ನೇ ನೋಡುತ್ತಿತ್ತು. ಗಾಳಿಗೆ ಒಂದು ನೋಟು ಕೂಳೆಯಿಂದ ಬಿಡಿಸಿಕೊಂಡು ಮೆಲ್ಲಗೆ ವೇದಿಕೆಯ ಅಡಿಗೆ ಸರಿಯಿತು.